ಒಣಕೊಂಬೆಯ ಮೇಲೆ ನಾನು ಕೂರಿಸಿದ ಗಿಳಿ

ನನ್ನ ಕಣ್ಣಿಗೆ ಮಣ್ಣೆರಚುವವರು ಸಿದ್ದಾಪುರದ ಸುತ್ತಮುತ್ತ ಇನ್ನೂ ಹುಟ್ಟಿಲ್ಲ ಎಂದು ನಂಬಿದ್ದೆ. ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಎಂದರೆ ಸುಮ್ಮನೆಯೇ? ಪಿಕ್ಕಿಂಗ್ ಚೀಲ ಸುರಿಯುವ ಮೊದಲೇ, ಕೆಂಪು ಹಣ್ಣಿನ ನಡುವೆ ಎಷ್ಟು ಹಸಿರು ಕಾಯಿ ನುಗ್ಗಿದೆ ಎಂದು ಹೇಳಬಲ್ಲವನು ನಾನು! ಇಂಥ ಕಣ್ಣಿದ್ದೂ ಕಲಾವಿದೆ ಹೆಂಡತಿಗೆ ನೆರವಾಗದಿದ್ದರೆ ಹೇಗೆ?

ಯಮುನಾ ಹಕ್ಕಿಗಳ ಚಿತ್ರ ಬರೆಯುತ್ತಾಳೆ. ನಮ್ಮ ಊಟದ ಮೇಜಿನ ಮೇಲೆ ಅನ್ನದ ತಟ್ಟೆಗಿಂತ ಬಣ್ಣದ ಬಟ್ಟಲುಗಳೇ ಹೆಚ್ಚು. ಕೊಡಗಿನ ಹಕ್ಕಿಗಳ ಕುರಿತ ಅವಳ ಪುಸ್ತಕಕ್ಕೆ ಕೊನೆಯ ಚಿತ್ರವೊಂದು ಬಾಕಿಯಿತ್ತು. ಮಳೆಗಾಲವಿಡೀ ಕೂತು ಅದನ್ನು ಬರೆದಿದ್ದಳು. ಒಯ್ಯಲು ಪ್ರಕಾಶಕ ನವೀನ್‌ಕುಮಾರ್ ಮೈಸೂರಿನಿಂದ ಹೊರಟಿದ್ದರು. ಯಮುನಾ ಸಂತೆಗೆ ಹೋಗಿದ್ದಳು.

ನಾನು ಚಿತ್ರ ನೋಡಿದೆ. ಒಂದಿಷ್ಟು ಒಣಗಿದ ಎಲೆ, ಮೇಲಕ್ಕೆ ಚಾಚಿದ ಮುರಿದ ಕೊಂಬೆಯ ಮೊಂಡು ತುದಿ, ಅಷ್ಟೇ. ಹಕ್ಕಿಯೇ ಇಲ್ಲ! ಗಡಿಬಿಡಿಯಲ್ಲಿ ಮರೆತಿದ್ದಾಳೆ, ಪಾಪ.

ಗಂಡನೆಂಬ ಪ್ರಾಣಿ ಇರುವುದು ಮತ್ತೇಕೆ? ಕುಂಚ ಹಿಡಿದು, ಮೊಂಡು ತುದಿಯ ಮೇಲೆ ಹಸಿರು ಗಿಳಿಯೊಂದನ್ನು ಕೂರಿಸಿದೆ. ಬಾಲ ತುಸು ಉದ್ದವಾಯಿತು. ಸರಿದೂಗಿಸಲು ಕೊಕ್ಕನ್ನು ಎಳೆದೆ. ಕೊಕ್ಕಿಗೆ ತಕ್ಕ ಹಾಗೆ ಹೊಟ್ಟೆ ಬೆಳೆಸಿದೆ. ಬಣ್ಣ ಒಣಗುವ ಹೊತ್ತಿಗೆ ಯಮುನಾ, ನವೀನ್‌ಕುಮಾರ್ ಇಬ್ಬರೂ ಒಟ್ಟಿಗೇ ಒಳಗೆ ಬಂದರು.

"ಇದೆಂತ ಮಾಡಿದ್ರಿ?" ಎಂದಳು.

"ನೀನು ಹಕ್ಕಿ ಬರೆಯೋದೇ ಮರ್ತಿದ್ದೆ ಮಾರಾಯ್ತಿ. ನಾನು ಹಾಕಿದೆ."

ಅವಳು ಸಂತೆಯ ಚೀಲ ಹಿಡಿದೇ ನಿಂತಳು. "ಹಕ್ಕಿ ಉಂಟು. ನೀವು ಗಿಳಿ ಕೂರಿಸಿದ್ದು ಅದರ ತಲೆ ಮೇಲೆ."

ಅವಳ ಬೆರಳು ಮೊಂಡು ತುದಿಯಿಂದ ಕೆಳಗಿಳಿಯಿತು. ಅಲ್ಲೊಂದು ಅರೆಮುಚ್ಚಿದ ಕಣ್ಣು. ಕಪ್ಪೆಯ ಬಾಯಿಯಂಥ ಅಗಲ ಕೊಕ್ಕು, ಅದರ ಬುಡದಲ್ಲಿ ಕೂದಲೆಳೆಯಂಥ ಮೀಸೆ. ನಾನು ಒಣಎಲೆ ಎಂದುಕೊಂಡದ್ದೆಲ್ಲ ಗರಿ! ಹಗಲೆಲ್ಲ ಮುರಿದ ಕೊಂಬೆಯ ಹಾಗೆ ಅಲುಗಾಡದೆ ಕೂರುವ ಕಪ್ಪೆಬಾಯಿ ಎಂಬ ಹಕ್ಕಿಯಂತೆ ಅದು. ಒಮ್ಮೆ ಕಂಡ ಮೇಲೆ ಮತ್ತೆ ಕೊಂಬೆಯಾಗಿ ಕಾಣಲೇ ಇಲ್ಲ. ನನ್ನನ್ನೇ ನೋಡುತ್ತಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಇವಳ ಕೈಯಲ್ಲಿ ಇಂಥದ್ದೊಂದು ಇದೆಯೆಂದು ನನಗೆ ತಿಳಿದಿರಲಿಲ್ಲ.

"ಮೇಡಂ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?" ಎಂದರು ನವೀನ್‌ಕುಮಾರ್. "ಇನ್ನೊಂದು ಬರೀರಿ. ಪುಸ್ತಕ ಕಾಯ್ತದೆ. ಸಾರ್ ಕೈಗೆ ಮಾತ್ರ ಸಿಗದ ಹಾಗೆ ಇಡಿ."

ಮರುದಿನ ಅವಳ ಸ್ಟೂಲು, ಕೊಡೆ ಹೊತ್ತು ನಾನೂ ತೋಟಕ್ಕೆ ನಡೆದೆ. ಹೋದ ಮಾನ ಮರಳಬೇಕಲ್ಲ, ಹಕ್ಕಿಯನ್ನು ಮೊದಲು ಕಾಣುವವನು ನಾನೇ ಎಂದು ಶಪಥ ಮಾಡಿದ್ದೆ. ಬಾಗಿದ ಕೊಂಬೆಯೊಂದನ್ನು ಹಿಡಿದು ನಿಂತು ಕಣ್ಣು ಕಿರಿದಾಗಿಸಿದೆ.

"ಅಗೋ, ಅಲ್ಲಿ ಕೂತಿದೆ," ಎಂದು ಪಿಸುಗುಟ್ಟಿದೆ.

"ಅದು ಒಣಎಲೆ. ಕೈ ಅಲ್ಲಾಡಿಸ್ಬೇಡಿ."

"ಮತ್ತೆ ಹಕ್ಕಿ ಎಲ್ಲಿ?"

"ನೀವು ಹಿಡ್ಕೊಂಡ ಕೊಂಬೆ ಮೇಲೆ. ನಿಮ್ಮ ಕಿವಿ ಹತ್ರ."

ಅವಳು ಮಧ್ಯಾಹ್ನದವರೆಗೆ ಬರೆದಳು. ನಾನು ಉಸಿರು ಬಿಗಿಹಿಡಿದು ಹಾಗೇ ನಿಂತಿದ್ದೆ. ನಡುವೆ ಹಕ್ಕಿ ಒಮ್ಮೆ ಕಣ್ಣು ತೆರೆದು ನನ್ನನ್ನು ಚೆನ್ನಾಗಿ ನೋಡಿತಂತೆ. ಒಣಕೊಂಬೆ ಎಂದುಕೊಂಡು ಮತ್ತೆ ಮುಚ್ಚಿತಂತೆ.