ಮೀನಿಗೆಂದು ತಂದ ಕಡಲ ಉಸುಕು

ಹೊಸ ವಸ್ತು ಕಂಡರೆ ಕೆಲವರು ಮುಟ್ಟಿ ನೋಡುತ್ತಾರೆ, ಕೆಲವರು ಮೂಸಿ ನೋಡುತ್ತಾರೆ. ನಾನು ಬಾಯಿಗೆ ಹಾಕಿಕೊಳ್ಳುತ್ತೇನೆ. ಹಾಲುಹಲ್ಲಿನ ಜೊತೆಗೇ ಬಿದ್ದುಹೋಗಬೇಕಾದ ಚಟವೆಂದು ನೀವು ನಗಬಹುದು; ನನಗದು ಅಂಗಡಿಯಿಂದ ಬಂದದ್ದು. ಹುಬ್ಬಳ್ಳಿಯಲ್ಲಿ ನಮ್ಮದು ಕಾಳಿನ ವ್ಯಾಪಾರ. ಚೀಲದಿಂದ ಒಂದು ಮುಷ್ಟಿ ಕಡಲೆ ತೆಗೆದು, ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಊದಿ, ಒಂದು ಕಾಳು ಕಡಿದರೆ ಸಾಕು, ಮಾಲು ಹಸಿಯೋ ಒಣಗಿದೆಯೋ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಹೀಗೆ ಕಡಿದು ಕಡಿದು, ನನ್ನ ಕಣ್ಣಿಗಿಂತ ಹಲ್ಲು ನಾಲಿಗೆಗಳ ಮೇಲೆಯೇ ನನಗೆ ಹೆಚ್ಚು ನಂಬಿಕೆ.

ಕೇಶ್ವಾಪುರದ ನಮ್ಮ ಮನೆಯ ಪಡಸಾಲೆಯಲ್ಲೊಂದು ಗಾಜಿನ ಮೀನಿನ ತೊಟ್ಟಿ ಇದೆ. ತಂದವನು ನಾನು, ಸಾಕಿದವಳು ಹೆಂಡತಿ ಗಿರಿಜಾ. ಅದರೊಳಗಿನ ದಪ್ಪ ಗೋಲ್ಡ್‌ಫಿಶ್‌ಗೆ ಸಾವ್ಕಾರ ಎಂದು ಹೆಸರಿಟ್ಟವಳೂ ಅವಳೇ. ಅವಳ ಬಳೆ ಸದ್ದಾದರೆ ಸಾವ್ಕಾರ ಗಾಜಿನ ಬಳಿ ಓಡಿ ಬರುತ್ತಾನೆ. ನಾನು ಹೋದರೆ ಬೆನ್ನು ತಿರುಗಿಸುತ್ತಾನೆ. ತೊಟ್ಟಿಯ ತಳದಲ್ಲಿ ಅಂಗಡಿಯವನು ಕೊಟ್ಟ ನೀಲಿ ಕಲ್ಲುಗಳಿದ್ದವು. ಸಾವ್ಕಾರ ದಿನವಿಡೀ ಒಂದೊಂದೇ ಕಲ್ಲನ್ನು ಬಾಯಿಗೆ ತೆಗೆದುಕೊಂಡು, ಹೊರಳಾಡಿಸಿ, ಬೇಡವೆಂದು ಉಗುಳುತ್ತಿದ್ದ. ಅವನೂ ನನ್ನಂತೆ ಮಾಲನ್ನು ಬಾಯಲ್ಲೇ ಪರೀಕ್ಷಿಸುವವನು ಎಂದು ನನಗೆ ಹೊಳೆದದ್ದು ಆಗ. ಇಂಥವನಿಗೆ ಬಣ್ಣ ಬಳಿದ ಕಲ್ಲು ಕೊಡುವುದು ಅನ್ಯಾಯವೆನಿಸಿತು.

ಆ ಚಳಿಗಾಲ ನಾವಿಬ್ಬರೂ ಅಂಕೋಲೆಯ ಕಡಲಿಗೆ ಹೋಗಿದ್ದೆವು. ಎಲ್ಲರೂ ಅಲೆ ನೋಡುತ್ತಿದ್ದರೆ ನಾನು ಕೆಳಗೆ ನೋಡುತ್ತಿದ್ದೆ. ಎಂಥ ಉಸುಕು! ಸಣ್ಣ ರವೆಯ ಹದ. ಕೈ ತಾನಾಗಿಯೇ ಬಗ್ಗಿ ಒಂದು ಮುಷ್ಟಿ ತೆಗೆದುಕೊಂಡಿತು. ತಿಕ್ಕಿದೆ, ಊದಿದೆ, ಒಂದು ಚಿಟಿಕೆ ಬಾಯಿಗೆ ಹಾಕಿ ಕಡಿದೂ ಬಿಟ್ಟೆ.

"ಉಪ್ಪ ಐತೇನ್ರಿ?" ಎಂದು ಗಿರಿಜಾ ಬಿದ್ದು ಬಿದ್ದು ನಕ್ಕಳು.

ಸಾವ್ಕಾರನಿಗೆಂದು ಅಕ್ಕಿಯ ಖಾಲಿ ಚೀಲದಲ್ಲಿ ಅರ್ಧದಷ್ಟು ತುಂಬಿಕೊಂಡೆ. ದಂಡೆಯ ಉಸುಕನ್ನು ಹೀಗೆ ಹೊತ್ತು ತರಬಾರದೆಂದು ಆಮೇಲೆ ಯಾರೋ ಹೇಳಿದರು. ಅಷ್ಟರಲ್ಲಿ ನಾವು ಅರಬೈಲು ಘಟ್ಟ ಹತ್ತಿಯಾಗಿತ್ತು. ಮನೆಗೆ ಬಂದಮೇಲೆ ಗಿರಿಜಾ ನಗು ನಿಲ್ಲಿಸಿ, "ಆ ಜೀವಕ್ಕ ಏನರ ಆದ್ರ ನಾ ನಿಮ್ಮ ಜೋಡಿ ಮಾತಾಡಂಗಿಲ್ಲ ನೋಡ್ರಿ," ಎಂದಳು. ಹೇಳಿದ್ದನ್ನು ಮಾಡುವ ಹೆಂಗಸು. ನಾನು ಸ್ವಲ್ಪ ಉಸುಕನ್ನು ಕಾಗದದಲ್ಲಿ ಕಟ್ಟಿಕೊಂಡು ಮೀನಿನ ಅಂಗಡಿಗೆ ಓಡಿದೆ.

ಅಂಗಡಿಯವನು ಅದರ ಮೇಲೆ ಲಿಂಬೆಹಣ್ಣು ಹಿಂಡಿದ. ಉಸುಕು ಸೋಡಾದಂತೆ ಬುಸುಬುಸು ಎಂದಿತು. ನನ್ನ ಹಲ್ಲಿಗೆ ಸಿಗದ ಸಂಗತಿಯೊಂದು ಲಿಂಬೆಹಣ್ಣಿಗೆ ಸಿಕ್ಕಿತಲ್ಲ ಎಂದು ಬೆರಗಾದೆ.

"ಕಡಲ ಚಿಪ್ಪಿನ ಚೂರು ಅದಾವ್ರಿ ಇದರಾಗ. ನೀರು ಗಡಸಾಗತೈತಿ. ಗೋಲ್ಡ್‌ಫಿಶ್ ಅದನ್ನ ತಡಕೊಂತೈತಿ ಬಿಡ್ರಿ. ಆದ್ರ ಉಪ್ಪ ಮಾತ್ರ ಒಂದ್ ಹಳಕ ಉಳಿಬಾರ್ದು. ಛಲೋತಂಗ ತೊಳೀರಿ ಕಾಕಾ," ಎಂದ.

ತೊಳೆಯಿರಿ ಎನ್ನುವುದು ಸುಲಭ. ನಮ್ಮ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ. ನೀರು ಬರುವ ದಿನ ಇಲ್ಲಿ ಮದುವೆಗೂ ಹೋಗುವುದಿಲ್ಲ. ಹಾಗಾಗಿ ಯಾವ ಮನೆಯಲ್ಲೂ ತೊಳೆದ ನೀರನ್ನು ಚೆಲ್ಲುವ ಪದ್ಧತಿಯಿಲ್ಲ. ಅಕ್ಕಿ ತೊಳೆದದ್ದು ಗಿಡಕ್ಕೆ, ಅರಿವೆ ಒಗೆದದ್ದು ಅಂಗಳಕ್ಕೆ. ಮಾಳಿಗೆಯ ಮೇಲೆ ನಾನು ನೀರು ಹಿಡಿಯುವ ತಗಡಿನ ಬುಟ್ಟಿ ಇಟ್ಟುಕೊಂಡು ಕೂತದ್ದು ಕಂಡು ಗಿರಿಜಾ, "ನೀರು ಹಾಳ ಮಾಡಬ್ಯಾಡ್ರಿ ಮತ್ತ," ಎಂದು ಎಚ್ಚರಿಸಿ, ಅಕ್ಕಿಯ ಕಲ್ಲು ತೆಗೆಯುವಂತೆ ಪಾತ್ರೆಯನ್ನು ಓರೆ ಮಾಡಿ ತಿರುಗಿಸುವುದನ್ನು ತೋರಿಸಿಕೊಟ್ಟು ಕೆಳಗಿಳಿದಳು.

ತೊಳೆದೆ. ಪ್ರತಿ ಸಲದ ನೀರಿಗೂ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಮೊದಲನೆಯದು ಸಾಕ್ಷಾತ್ ಕಡಲು. ಎರಡನೆಯದು ಉಪ್ಪು ಹೆಚ್ಚಾದ ಸಾರು. ನಾಲ್ಕನೆಯದು ಊಟಕ್ಕಾದೀತು. ಏಳನೆಯದರಲ್ಲಿ ಬರೀ ನೀರಿನ ರುಚಿ ಬಂದಾಗ, ಇಷ್ಟು ವರ್ಷ ನಾಲಿಗೆಯನ್ನು ಪಳಗಿಸಿದ್ದು ಸಾರ್ಥಕವಾಯಿತೆಂದು ಬೀಗಿದೆ. ಅಷ್ಟು ನೀರಿನಲ್ಲಿ ಒಂದು ಹನಿಯನ್ನೂ ಹಾಳು ಮಾಡಲಿಲ್ಲ.

ತೊಟ್ಟಿಗೆ ಉಸುಕು ಹಾಸಿದ ದಿನ ನೀರೆಲ್ಲ ಮಜ್ಜಿಗೆಯ ಬಣ್ಣ. ಸಾವ್ಕಾರ ಕಾಣಲೇ ಇಲ್ಲ. ಗಿರಿಜಾ ಉಣ್ಣಲೂ ಇಲ್ಲ. ಮರುದಿನ ನೀರು ತಿಳಿಯಾದಾಗ ಆತ ತಳದಲ್ಲಿ ಮೂತಿ ಹೂತು, ಬಾಯ್ತುಂಬ ಉಸುಕು ತೆಗೆದು, ಕಿವಿರುಗಳಿಂದ ಹೊರಬಿಡುತ್ತಿದ್ದ. ಮಾಲು ಪಸಂದಾಗಿತ್ತು. ಗಿರಿಜಾ ಖುಷಿಯಿಂದ ನನಗೆರಡು ಸಲ ಚಹಾ ಮಾಡಿಕೊಟ್ಟಳು.

ಮುಂದಿನ ವಾರ ಒಗ್ಗರಣೆಗೆ ಕರಿಬೇವು ತರಲು ಮಾಳಿಗೆಗೆ ಹೋದವಳು ಅಲ್ಲಿಂದಲೇ ನನ್ನನ್ನು ಕರೆದಳು. ತವರೂರು ಅಮ್ಮಿನಬಾವಿಯಿಂದ ಅವಳು ಸಸಿ ತಂದು, ಕುಂಡದಲ್ಲಿ ಆಳೆತ್ತರ ಬೆಳೆಸಿದ ಕರಿಬೇವು ಅದು. ಈಗ ಬರೀ ಕಡ್ಡಿಗಳು ನಿಂತಿದ್ದವು. ಎಲೆಯೆಲ್ಲ ಕಂದಿ ಬುಡದಲ್ಲಿ ಬಿದ್ದಿತ್ತು. ಏಳು ಬುಟ್ಟಿ ನೀರನ್ನೂ ನಾನೇ ಕೈಯಾರೆ, ಗಿಡಕ್ಕಾದರೂ ಆಗಲಿ ಎಂದು, ಅದರ ಬುಡಕ್ಕೇ ಸುರಿದಿದ್ದೆ. ಉಪ್ಪು ಹೋಯಿತೇ ಎಂದು ಏಳು ಸಲ ರುಚಿ ನೋಡಿದವನಿಗೆ, ಎಲ್ಲಿಗೆ ಹೋಯಿತು ಎಂಬ ಯೋಚನೆ ಒಮ್ಮೆಯೂ ಬಂದಿರಲಿಲ್ಲ.

ಬಗ್ಗಿ ಕುಂಡದ ಮಣ್ಣು ತೆಗೆದುಕೊಂಡೆ. ಅಂಗೈಯಲ್ಲಿ ತಿಕ್ಕಿದೆ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ.

"ಉಪ್ಪ ಐತೇನ್ರಿ?" ಎಂದಳು ಗಿರಿಜಾ. ಈ ಸಲ ನಗಲಿಲ್ಲ.