ಮುಷ್ಟಿಯಲ್ಲಿ ಹಿಡಿದ ಉಪ್ಪಿನ ಹರಳು

ಹದಿನೆಂಟು ವರ್ಷಗಳಿಂದ ಸುರಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಉಪ್ಪಿನ ಹರಳು ಬೆಳೆಸುವ ಪಾಠವನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಆದರೆ ಒಂದು ದಿನ ಏಳನೆಯ ತರಗತಿಯ ರೇಣುಕಾ ಎದ್ದು ನಿಂತಳು.

"ಸರ್, ನೀವು ಒಮ್ಮೆರ ಬೆಳಸೀರೇನ್ರಿ?"

ಬೆಳೆಸಿರಲಿಲ್ಲ! "ಹತ್ತು ದಿನ ತಡೀರಿ. ನಿಂಬಿಕಾಯಿಯಷ್ಟು ಹರಳು ತರ್ತೀನಿ" ಎಂದು ಘೋಷಿಸಿಬಿಟ್ಟೆ.

ಅಂದೇ ಸಂಜೆ ಶಹಾಪುರದ ನಮ್ಮ ಮನೆಯಲ್ಲಿ ನೀರು ಕುದಿಸಿದೆ. ಉಪ್ಪು ಹಾಕಿದೆ, ಕರಗಿತು. ಮತ್ತೆ ಹಾಕಿದೆ, ಕರಗಿತು. ಇನ್ನೊಂದು ಕಾಳೂ ಕರಗದು ಎನ್ನುವ ತನಕ ಹಾಕಿದೆ. ಆರಿದರೆ ಸಾಕು, ಅತಿಪರ್ಯಾಪ್ತ ದ್ರಾವಣ ಸಿದ್ಧ! ದಾರ ಹುಡುಕಲು ಒಳಗೆ ಹೋದೆ.

ಬರುವಷ್ಟರಲ್ಲಿ ಪಾತ್ರೆ ಖಾಲಿ. ಯಾದಗಿರಿಯಿಂದ ಬಂದಿದ್ದ ಅತ್ತೆ ಅದನ್ನು ಎಸರೆಂದು ತಿಳಿದು ಜೋಳದ ಹಿಟ್ಟು ನಾದಿಬಿಟ್ಟಿದ್ದರು! ಊಟಕ್ಕೆ ಕುಳಿತಾಗ ಮೊದಲ ತುತ್ತಿಗೇ ಅವರ ಕಣ್ಣು ಮೇಲೆ ಹೋದವು.

"ಅಳಿಯಂದ್ರ, ಅದೇನ್ ನೀರೋ, ಸಮುದ್ರೋ?"

ಆ ರೊಟ್ಟಿಗಳನ್ನು ಮೆಚ್ಚಿದ್ದು ಎದುರು ಮನೆಯ ಎಮ್ಮೆಯೊಂದೇ.

ಎರಡನೆಯ ಸಲ ದ್ರಾವಣವನ್ನು ಲೋಟಕ್ಕೆ ಸುರಿದು ಕಪಾಟಿನ ಮೇಲಿಟ್ಟೆ. ನಮ್ಮ ಮದುವೆಯ ಫೋಟೋ ತೂಗುತ್ತಿದ್ದ ಮೊಳೆಗೇ ದಾರ ಕಟ್ಟಿ ಅದರೊಳಗೆ ಇಳಿಬಿಟ್ಟೆ. ದ್ರಾವಣ ಅಲುಗಬಾರದು. ಆದ್ದರಿಂದ ಕಟ್ಟಪ್ಪಣೆ ಹೊರಡಿಸಿದೆ: ಫ್ಯಾನ್ ಹಾಕುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ, ಜೋರಾಗಿ ಸೀನುವಂತಿಲ್ಲ!

"ಉಪ್ಪಿನ ಬಾಣಂತನ ಮಾಡಾಕತ್ತೀರೇನ್ರಿ?" ಹೆಂಡತಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೇಳಿದಳು.

"ವಿಜ್ಞಾನಕ್ಕ ತ್ಯಾಗ ಬೇಕಾಗ್ತದ."

"ತ್ಯಾಗ ನೀವ್ ಮಾಡ್ರಿ. ಫ್ಯಾನ್ ನಾ ಹಾಕ್ತೀನಿ."

ಹಾಕಿಯೇ ಬಿಟ್ಟಳು.

ಒಂಬತ್ತನೆಯ ದಿನ ಕುರ್ಚಿ ಹತ್ತಿ ನೋಡಿದೆ. ಉಪ್ಪು ದಾರ ಹಿಡಿದು ಮೇಲೇರಿ, ಮೊಳೆ ದಾಟಿ ಫೋಟೋದ ಮೇಲೆ ಇಳಿದಿತ್ತು. ಮದುಮಗನಿಗೆ ಬಿಳಿ ಗಡ್ಡ ಬಂದಿತ್ತು!

"ಈಗ ಖರೇ ಹೋಲ್ತದ ನೋಡ್ರಿ" ಎಂದಳು ಹೆಂಡತಿ.

ಆದರೆ ಲೋಟದ ತಳದಲ್ಲಿ ಒಂದೇ ಒಂದು ಹರಳಿತ್ತು. ಆರು ಮುಖ, ಚೂಪಾದ ಅಂಚು, ಜೋಳದ ಕಾಳಿನಷ್ಟು ಗಾತ್ರ. ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದದ್ದು ಅಂಗೈಯಲ್ಲಿ ಹೊಳೆಯಿತು. ಕುರ್ಚಿಯ ಮೇಲೆಯೇ ಕುಣಿದೆ!

ಮರುದಿನ, ಜೇಬಿನಲ್ಲಿಟ್ಟರೆ ಪುಡಿಯಾದೀತೆಂದು ಹರಳನ್ನು ಮುಷ್ಟಿಯಲ್ಲಿ ಹಿಡಿದು ಬಸ್ ಹತ್ತಿದೆ. ಒಳಗೆ ಕಾಲಿಡಲೂ ಜಾಗವಿಲ್ಲ, ಉರಿ ಸೆಕೆ ಬೇರೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಹರಳು. ಸುರಪುರ ಮುಟ್ಟುವ ತನಕ ಮುಷ್ಟಿ ಬಿಚ್ಚಲಿಲ್ಲ.

ತರಗತಿಯಲ್ಲಿ ಮಕ್ಕಳನ್ನೆಲ್ಲ ಸುತ್ತ ನಿಲ್ಲಿಸಿ, ರೇಣುಕಾಳ ಕೈಗೆ ಭೂತಗನ್ನಡಿ ಕೊಟ್ಟು, ಗಂಭೀರವಾಗಿ ಅಂಗೈ ತೆರೆದೆ.

ಬೆವರು! ಬರೀ ಬೆವರು.

ರೇಣುಕಾ ಭೂತಗನ್ನಡಿ ಹಿಡಿದು ಬೆರಳ ಸಂದಿಗಳಲ್ಲೆಲ್ಲ ಹುಡುಕಿದಳು.

"ಸರ್, ಕರಗೋದು ತಿಳೀತ್ರಿ. ಬೆಳಸೋದು ಯಾವಾಗ ತೋರಸ್ತೀರಿ?"

ಅಂದಿನ ಪಾಠ ಟಿಪ್ಪಣಿಯಲ್ಲಿ ಬರೆದೆ: 'ಕರಗುವಿಕೆಯ ಪ್ರಾತ್ಯಕ್ಷಿಕೆ. ಸಂಪೂರ್ಣ ಯಶಸ್ವಿ!'