ಮಾವ ಪೂರ್ತಿ ನೋಡದ ಹಡಗು

ಕಾಗದದ ಹಡಗು ಕಟ್ಟುವುದು ದುಡ್ಡಿದ್ದವರ ಹವ್ಯಾಸ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಗಡಿಯ ಮಾದರಿಗಳ ಬೆಲೆ ಕೇಳಿದರೆ ನಿಜವಾದ ದೋಣಿಯನ್ನೇ ಕೊಳ್ಳಬಹುದು ಅನ್ನಿಸುತ್ತದೆ! ಅದಕ್ಕೇ ನಾನೊಂದು ಭೀಷಣ ಪ್ರತಿಜ್ಞೆ ಮಾಡಿದೆ. ಮನೆಯ ಪ್ರಿಂಟರಿನಲ್ಲಿ, ಮಾಮೂಲಿ ಹಾಳೆಯಲ್ಲಿ, ಕತ್ತರಿ ಗೋಂದು ಇರುವ ಯಾರು ಬೇಕಾದರೂ ಕಟ್ಟಬಹುದಾದ ಹಡಗೊಂದನ್ನು ಬಿಡಿಸಿ ಲೋಕಕ್ಕೆಲ್ಲ ಪುಕ್ಕಟೆ ಹಂಚುತ್ತೇನೆ! ಅದರಲ್ಲಿ ಪ್ರತಿ ಏಣಿ, ಪ್ರತಿ ಬಾಗಿಲು, ಪ್ರತಿ ಮೊಳೆಯೂ ಇರಬೇಕು. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪೈಪುಗಳ ನಕ್ಷೆ ಬರೆಯುವವನು ನಾನು. ಅಳತೆ ತಪ್ಪುವುದು ನನ್ನ ವಂಶದಲ್ಲೇ ಇಲ್ಲ!

"ನಿಮ್ಮ ವಂಶದ ಅಳತೆ ನಂಗೊತ್ತಿಲ್ವಾ? ಹೋದ ವರ್ಷ ನೀವು ಅಳತೆ ಕೊಟ್ಟು ಹೊಲಿಸಿದ ಕಿಟಕಿ ಪರದೆ ಈಗ ದಿಂಬಿನ ಕವರ್ ಆಗಿದೆ," ಎಂದಳು ನನ್ನಾಕೆ.

ಇಂಥ ಮಾತಿಗೆಲ್ಲ ಜಗ್ಗುವ ಜೀವ ನನ್ನದಲ್ಲ. ಯಾವ ಹಡಗು ಎಂಬುದೂ ಆಗಲೇ ತೀರ್ಮಾನವಾಗಿತ್ತು. ಅದು ಮಾವನ ಹಡಗು.

ಮಾವ, ಅಂದರೆ ನನ್ನಾಕೆಯ ಅಪ್ಪ, ಒಂದು ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಒಂದು ದಿನ ಅವರು ನಮ್ಮನೆಗೆ ಬಂದು ಊಟಕ್ಕೆ ಕೂತಾಗ, "ನಿಮ್ಮ ಹಡಗು ನೋಡೋಕೆ ಹೇಗಿತ್ತು ಮಾವ?" ಎಂದು ಕೇಳಿದೆ. ಅವರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಯೋಚಿಸಿದರು.

"ನಾನದನ್ನ ಪೂರ್ತಿ ನೋಡೇ ಇಲ್ಲ ಕಣಪ್ಪ."

"ಹಾಗಂದ್ರೆ?"

"ಸಮುದ್ರದಲ್ಲಿದ್ದಾಗ ಅದರ ಹೊಟ್ಟೆಯೊಳಗಿರ್ತಿದ್ದೆ. ದಡಕ್ಕೆ ಬಂದ್ರೆ ಒಂದು ಕಬ್ಬಿಣದ ಗೋಡೆ, ಅಷ್ಟೇ ಕಾಣೋದು. ಹಿಂದೆ ಸರಿದು ನೋಡೋಣ ಅಂದ್ರೆ ಬೆನ್ನಿಗೆ ಗೋದಾಮು. ಆಮೇಲೆ ಗುಜರಿಗೆ ಹಾಕಿದ್ರು. ಫೋಟೋ ತೆಗೆಯೋಕೆ ಅದೇನು ಮದುಮಗಳಾ?"

ಮೂವತ್ತೊಂದು ವರ್ಷ ಬಾಳಿದ ಮನೆಯ ಮುಖವನ್ನೇ ಕಾಣದ ಮನುಷ್ಯ! ಹಿಂದೆಮುಂದೆ ನೋಡದೆ, "ಮುಂದಿನ ತಿಂಗಳ ಕೊನೇ ಭಾನುವಾರ ಸಂಜೆ ನಾಲ್ಕಕ್ಕೆ ಬನ್ನಿ ಮಾವ, ಪೂರ್ತಿ ನೋಡುವಿರಂತೆ," ಎಂದುಬಿಟ್ಟೆ.

ಆ ಹಡಗನ್ನು ಕಟ್ಟಿದ ಕಾರ್ಖಾನೆಯ ದಾಖಲೆ ಕೋಣೆಗೆ ಮೊದಲೇ ನಾಲ್ಕು ಪತ್ರ ಬರೆದು ನಕ್ಷೆಯ ನಕಲು ತರಿಸಿಕೊಂಡಿದ್ದೆ. ಅದನ್ನು ಕಂಪ್ಯೂಟರಿನಲ್ಲಿ ನಲವತ್ತು ಹಾಳೆಗಳಾಗಿ ಬಿಡಿಸಿದೆ. ಮೇಲೊಂದು ಸೂಚನೆ ಹಾಳೆ ಬೇರೆ! ಅದನ್ನು ಬರೆಯುವಾಗ ನನ್ನ ಮೈಮೇಲೆ ಸಾಕ್ಷಾತ್ ಗುರುಗಳೇ ಬಂದಿದ್ದರು.

ಇಪ್ಪತ್ತು ಹಾಳೆ ಮುದ್ರಿಸುವಷ್ಟರಲ್ಲಿ ಮನೆಯ ಪ್ರಿಂಟರಿನ ಶಾಯಿ ಮುಗಿಯಿತು. ಉಳಿದದ್ದನ್ನು ಬೀದಿ ಕೊನೆಯ ಪ್ರಿಂಟಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಅಂಗಡಿಯಾಕೆ ಕನ್ನಡಕ ಏರಿಸಿಕೊಂಡು ಸೂಚನೆ ಹಾಳೆಯನ್ನು ಅಕ್ಷರ ಬಿಡದೆ ಓದಿದಳು. ಇದನ್ನೆಲ್ಲ ಓದುವವರೂ ಇದ್ದಾರಲ್ಲ ಎಂದು ನನಗೆ ಒಳಗೊಳಗೇ ನಗು.

ಮೂರು ವಾರ ಊಟದ ಮೇಜು ನನ್ನ ಹಡಗುಕಟ್ಟೆಯಾಯಿತು, ನಾವು ನೆಲದ ಮೇಲೆ ಉಂಡೆವು. ಮನೆಯ ಹಾಳೆಗಳಿಂದ ಮುಂಭಾಗ, ಅಂಗಡಿಯ ಹಾಳೆಗಳಿಂದ ಹಿಂಭಾಗ. ಆಹಾ, ಅದನ್ನೇನೆಂದು ಹೇಳಲಿ! ಚಪ್ಪಟೆ ಬಿದ್ದಿದ್ದ ಕಾಗದ ನಾಲ್ಕು ಕಡೆ ಮಡಚಿದರೆ ಸಾಕು, ಉಸಿರೆಳೆದುಕೊಂಡಂತೆ ಉಬ್ಬಿ ನಿಲ್ಲುತ್ತಿತ್ತು. ಅಕ್ಕಿಕಾಳಿನಷ್ಟು ಬಾಗಿಲು, ಎಳ್ಳಿನಷ್ಟು ಕಿಟಕಿ! ನನ್ನಾಕೆ ಕೂಡ ಬೈಯಲೆಂದು ಬಂದವಳು ಬಗ್ಗಿ ನೋಡಿ, "ಅಯ್ಯೋ, ದೀಪ ಕೂಡ ಇದೆಯಲ್ರೀ!" ಎಂದು ಬೈಯುವುದನ್ನೇ ಮರೆತಳು.

ಕೊನೆಗೆ ಆ ಭಾನುವಾರವೂ ಬಂತು. ಬೆಳಿಗ್ಗೆ ಹನ್ನೊಂದಕ್ಕೆ ಎರಡು ಭಾಗಗಳನ್ನು ಸೇರಿಸುವ ಮಹಾಮುಹೂರ್ತ. ಉಸಿರು ಬಿಗಿಹಿಡಿದು ಮುಂಭಾಗವನ್ನು ಹಿಂಭಾಗಕ್ಕೆ ತಂದು ತಾಗಿಸಿದೆ. ತಾಗಲಿಲ್ಲ! ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿಯ ಹಾಗೆ ಸಲೀಸಾಗಿ ಒಳಗೇ ಹೋಯಿತು.

"ಸೂಚನೆ ಹಾಳೆ ಓದಿದ್ರಾ?" ಎಂದಳು ನನ್ನಾಕೆ.

"ಬರೆದವನೇ ನಾನು ಕಣೇ!"

"ಬರೆದಿದ್ದು ಕೇಳಲಿಲ್ಲ. ಓದಿದ್ರಾ ಅಂದೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಹಡಗಿನ ಹಿಂಭಾಗವನ್ನೇ ಹೊತ್ತು, ಉಳಿದ ಹಾಳೆ ಚೂರುಗಳನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಡಿಗೆ ದಂಡೆತ್ತಿ ಹೋದೆ. "ನಿಮ್ಮ ಮೆಷಿನ್ನು ನನ್ನ ಹಡಗನ್ನ ಹಿಗ್ಗಿಸಿಬಿಟ್ಟಿದೆ ತಾಯಿ!"

ಅಂಗಡಿಯಾಕೆ ಸ್ಕೇಲು ತೆಗೆದಳು. ಪರೀಕ್ಷೆಗೆಂದು ಪ್ರತಿ ಹಾಳೆಯ ಅಂಚಿನಲ್ಲೂ ನಾನೇ ಹತ್ತು ಸೆಂಟಿಮೀಟರಿನ ಗೆರೆಯೊಂದನ್ನು ಹಾಕಿದ್ದೆ. ಅವಳ ಹಾಳೆಯ ಗೆರೆ ಸರಿಯಾಗಿ ಹತ್ತು. ನನ್ನ ಮನೆಯ ಹಾಳೆಯ ಗೆರೆ ಒಂಬತ್ತೂವರೆ!

"ನಿಮ್ಮ ಮನೆ ಪ್ರಿಂಟರ್ ಹಾಳೆಗೆ ಹೊಂದಿಸೋಕೆ ಚಿತ್ರನ ಕುಗ್ಗಿಸಿದೆ ಸರ್. ಆ ಆಯ್ಕೆನ ಮೊದಲೇ ಆಫ್ ಮಾಡಬೇಕು. ನಾನು ಸೂಚನೆ ಓದಿ ಆಫ್ ಮಾಡಿ, ಅಳೆದೇ ಕೊಟ್ಟಿದ್ದೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ ಸರ್! ಯಾರು ಬರೆದಿದ್ದು?"

"ಯಾರೋ," ಎಂದು ಇಂಗು ತಿಂದ ಮಂಗನ ಹಾಗೆ ಮನೆಗೆ ಬಂದೆ.

ಮೂರು ವಾರದ ಕೆಲಸವನ್ನು ಮೂರು ಗಂಟೆಯಲ್ಲಿ ಮತ್ತೆ ಮಾಡಲಾದೀತೇ? ಸಣ್ಣ ಭಾಗವನ್ನು ದೊಡ್ಡದರ ಬಾಯಿಗೆ ಕೂರಿಸಿ, ಸುತ್ತ ಗೋಂದು ಮೆತ್ತಿ, ಮೇಲೊಂದು ಬಣ್ಣದ ಪಟ್ಟಿ ಅಂಟಿಸಿದೆ. ಹಡಗಿನ ನಡುವಿನಲ್ಲಿ ಮೆಟ್ಟಿಲಿನ ಹಾಗೆ ಒಂದು ಏರು ಉಳಿದೇ ಹೋಯಿತು.

ನಾಲ್ಕಕ್ಕೆ ಸರಿಯಾಗಿ ಮಾವ ಬಂದರು. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಅವರು ಬಾಗಿಲಲ್ಲೇ ನಿಂತರು. ಹತ್ತಿರ ಬರಲಿಲ್ಲ. ಒಂದು ಹೆಜ್ಜೆ ಹಿಂದಿಟ್ಟರು. ಇನ್ನೊಂದು ಹಿಂದಿಟ್ಟರು. ಹಿಂದೆ ಗೋದಾಮು ಇರಲಿಲ್ಲವಲ್ಲ, ಅಂಗಳದವರೆಗೂ ಹೋಗಿ ಅಲ್ಲಿಂದ ನೋಡಿದರು.

"ಇಷ್ಟು ಉದ್ದ ಇತ್ತಾ!" ಎಂದರು. ಆಮೇಲೆ ಮೆಲ್ಲಗೆ, "ಇಷ್ಟು ಚೆನ್ನಾಗಿತ್ತಾ?"

ನನ್ನಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ!

ಮಾವ ಒಳಬಂದು ಮಂಡಿಯೂರಿ, ತಾವು ದಿನಾ ಇಳಿಯುತ್ತಿದ್ದ ಅಕ್ಕಿಕಾಳು ಬಾಗಿಲನ್ನು ಹುಡುಕಿ ಉಗುರಿನಿಂದ ಮುಟ್ಟಿದರು. ಅಲ್ಲಿಂದ ಬೆರಳು ಜಾರಿಸುತ್ತ ಹೋಗಿ ಆ ಏರಿನ ಬಳಿ ನಿಲ್ಲಿಸಿದರು.

"ಇದೇನಪ್ಪ ಇಲ್ಲಿ?"

"ಅದು... ನಕ್ಷೆಯಲ್ಲೇ ಹಾಗಿತ್ತು ಮಾವ," ಎಂದೆ.

"ಹೌದಾ! ಮೂವತ್ತೊಂದು ವರ್ಷ ಒಳಗಿದ್ದೆ, ನಂಗೆ ಗೊತ್ತೇ ಆಗ್ಲಿಲ್ಲ ನೋಡು!" ಎಂದು ಮಾವ ಅಚ್ಚರಿಪಟ್ಟರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ನಾನೂ ಒಂದು ಕಟ್ತೀನಿ. ನಮ್ಮ ಹಡಗಿನ ಅಡುಗೆಯವನು ಇನ್ನೂ ಇದ್ದಾನೆ, ಪಾಪ ಅವನೂ ನೋಡಿಲ್ಲ, ಅವನಿಗೆ ಕೊಡಬೇಕು," ಎನ್ನುತ್ತ ಮಾವ ಮೇಜಿನ ಮೇಲಿದ್ದ ಸೂಚನೆ ಹಾಳೆಯನ್ನು ಕೈಗೆತ್ತಿಕೊಂಡು ಗಟ್ಟಿಯಾಗಿ ಓದತೊಡಗಿದರು:

"'ಮೊದಲನೆಯದು. ಹಾಳೆಗೆ ಹೊಂದಿಸುವ ಆಯ್ಕೆಯನ್ನು ತಪ್ಪದೆ ಆಫ್ ಮಾಡಿ. ಇಲ್ಲವಾದರೆ ಭಾಗಗಳು ಕೂಡುವುದಿಲ್ಲ, ನಡುವೆ ಏರು ಬೀಳುತ್ತದೆ. ಇಷ್ಟನ್ನೂ ಓದುವ ತಾಳ್ಮೆ ಇಲ್ಲದವರು ದಯವಿಟ್ಟು ಹಡಗಿನ ತಂಟೆಗೆ ಹೋಗಬೇಡಿ.'"

ನನ್ನಾಕೆ ಸೆರಗನ್ನು ಕಣ್ಣಿನಿಂದ ತೆಗೆದು ಬಾಯಿಗೆ ತುರುಕಿಕೊಂಡಳು.

ಮಾವ ಕನ್ನಡಕದ ಮೇಲಿಂದ ಏರನ್ನು ನೋಡಿದರು, ನನ್ನನ್ನು ನೋಡಿದರು, ಹಾಳೆಯನ್ನು ಜೋಪಾನವಾಗಿ ಮಡಚಿ ಬಿಳಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಬರೆದವನು ಬಲು ಬುದ್ಧಿವಂತ ಕಣಪ್ಪ," ಎಂದರು. "ನಾಳೆಯಿಂದ ನೀನೂ ಬಾ. ಈ ಸಲ ಅವನು ಹೇಳಿದ ಹಾಗೇ ಮಾಡೋಣ."